ಅಳತೆ ತೆಗೆಯದೆ ಹೊಲಿದ ಕೋಟು

ಈ ಹೊತ್ತು ಬೆಳಿಗ್ಗೆ ಕಬ್ಬಿಣದ ಟ್ರಂಕಿನ ಮುಚ್ಚಳ ಎತ್ತಿದೆ ನೋಡಿ, ಡಾಂಬರ್ ಗುಳಿಗೆಯ ವಾಸನೆ ಬಂದು ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರಾಡಿತು. ವಾಸನೆಗೆ ಬಂದ ನೀರು ಎಂದು ಹೆಂಡತಿ ನಿಂಗಮ್ಮನಿಗೆ ಹೇಳಿದೆ.

"ಹೌದೌದು, ವಾಸನಿಗೇ ಬಂದದ. ಮೊಮ್ಮಗಳು ಬರೋ ದಿನಾನೇ ನಿಮಗ ಈ ವಾಸನಿ ಜಾಸ್ತಿ ಆಗ್ತದ," ಎಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಟ್ರಂಕಿನ ತಳದಲ್ಲಿ, ಹಳೆಯ ಧೋತರದಲ್ಲಿ ಸುತ್ತಿಟ್ಟ ಒಂದು ಬಿಳಿ ಕೋಟು ಇದೆ. ಡಾಕ್ಟರರು ಹಾಕುತ್ತಾರಲ್ಲ, ಅಂಥದ್ದು. ಅದಕ್ಕೆ ಇನ್ನೂ ಪಕ್ಕಾ ಹೊಲಿಗೆ ಬಿದ್ದಿಲ್ಲ. ಉದ್ದುದ್ದ ಕಚ್ಚಾ ಹೊಲಿಗೆಯ ದಾರ ಹಾಗೇ ಕಾಣುತ್ತದೆ. ದಾರ ಹಿಡಿದು ಎಳೆದರೆ ತೋಳು ಒಂದು ಕಡೆ, ಬೆನ್ನು ಒಂದು ಕಡೆ. ಚಿತ್ತಾಪುರದ ಬಜಾರದಲ್ಲಿ ಇಷ್ಟು ವರ್ಷ ಮಿಷನ್ ತುಳಿದ ನನ್ನ ಕೈಯಲ್ಲಿ ಅರ್ಧಕ್ಕೆ ನಿಂತ ಅರಿವೆ ಇದೊಂದೇ. ಅದರ ಕಥೆ ಹೇಳುತ್ತೇನೆ, ಕುಂದ್ರಿ. ಅವಳ ಗಾಡಿ ಬರಲು ಇನ್ನೂ ಹೊತ್ತಿದೆ.

ಕೋಟು ನನ್ನ ಮೊಮ್ಮಗಳು ಭಾಗ್ಯಶ್ರೀಗೆ ಹೊಲಿದದ್ದು. ನನ್ನ ಮಗ ಶರಣಪ್ಪನ ಒಬ್ಬಳೇ ಮಗಳು. ಮಗ ದಿನಾ ಗಾಡಿ ಹಿಡಿದು ವಾಡಿಯ ಸಿಮೆಂಟ್ ಕಾರ್ಖಾನೆಗೆ ಹೋಗಿ ಬರುತ್ತಾನೆ, ಸೊಸೆ ಅಂಗನವಾಡಿ ಟೀಚರ್. ಹಾಗಾಗಿ ಭಾಗ್ಯ ಬೆಳೆದದ್ದೇ ನನ್ನ ಅಂಗಡಿಯಲ್ಲಿ, ಮಿಷನ್ನಿನ ಕೆಳಗೆ, ಚೂರು ಬಟ್ಟೆಗಳ ರಾಶಿಯ ಮೇಲೆ. ಗೊಂಬೆಗೆ ಅಂಗಿ ಹೊಲಿ ಎಂದು ಕೇಳಿದವಳಲ್ಲ. ಗೊಂಬೆಗೆ ಜ್ವರ ಬಂದಿದೆ, ಪಟ್ಟಿ ಕೊಡು ಎಂದು ಕೇಳುತ್ತಿದ್ದಳು. ಆಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಆದರೆ ಅರ್ಧ ಗೊತ್ತಾಯಿತು.

ನಾವು ಮೂಲತಃ ದಂಡೋತಿಯವರು, ಕಾಗಿಣಾ ಹೊಳೆಯ ದಂಡೆಯವರು. ನಮ್ಮಪ್ಪ ಹರಗೋಲು ಹಾಕುತ್ತಿದ್ದ. ಸೇತುವೆ ಬಂತು, ಹರಗೋಲು ಬೋರಲು ಬಿತ್ತು. ಅದರೊಳಗೆ ಕೋಳಿ ಮರಿ ಮಾಡಿದವು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಚಿತ್ತಾಪುರಕ್ಕೆ ಬಂದು ಗುಂಡಿಯ ಕಾಜಾ ಹೊಲಿಯುವುದರಿಂದ ಶುರು ಮಾಡಿದೆ. ಆಮೇಲೆ ಸ್ವಂತ ಅಂಗಡಿ. ನಾಲವಾರದಿಂದ ರೈಲಿನಲ್ಲಿ, ಸೇಡಂ ಕಡೆಯ ಮುಧೋಳದಿಂದ ಬಸ್ಸಿನಲ್ಲಿ ಬಂದು ನನ್ನ ಹತ್ತಿರ ಅಂಗಿ ಹೊಲಿಸಿಕೊಂಡು ಹೋದವರಿದ್ದಾರೆ. ನಾನು ಹೆಮ್ಮೆ ಪಡುವುದು ಒಂದೇ ವಿಷಯಕ್ಕೆ: ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಿದವನಲ್ಲ. "ಹಳೇ ಅಂಗಿ ನೋಡಿ ಹೊಲೀರಿ ಮಾಸ್ತರ್" ಎಂದರೆ ಬಟ್ಟೆ ವಾಪಸು ಕೊಡುತ್ತಿದ್ದೆ. ಹಳೆ ಅಂಗಿ ಹೋದ ವರ್ಷದ ಮನುಷ್ಯನದು, ನೀವು ಈ ವರ್ಷದವರು ಎನ್ನುತ್ತಿದ್ದೆ.

ಇಷ್ಟೆಲ್ಲ ದೊಡ್ಡ ಮಾತಾಡುವವನು ಏನು ಮಾಡಿದೆ ಕೇಳಿ.

ಭಾಗ್ಯ ಕಲಬುರಗಿಯಲ್ಲಿ ಓದಿ ಡಾಕ್ಟರ್ ಆದಳು. ನಮ್ಮ ಮನೆತನದಲ್ಲಿ ಅಷ್ಟು ಓದಿದವರು ಹಿಂದೆ ಇಲ್ಲ. ಮೇಲಿನ ಓದಿಗೆ ಹೋದಾಗ ಯಾವ ಓದು ಎಂದು ಕೇಳಿದೆ. "ಔಷಧಿದ್ದು ಮುತ್ಯಾ" ಎಂದಳು. ಡಾಕ್ಟರ್ ಎಂದ ಮೇಲೆ ಔಷಧದ್ದೇ ತಾನೆ ಓದಬೇಕು ಎಂದುಕೊಂಡು ಸುಮ್ಮನಾದೆ. ನನ್ನ ತಲೆಯಲ್ಲಿ ಬೇರೆಯೇ ಹೊಲಿಗೆ ನಡೆದಿತ್ತು. ರೆಡಿಮೇಡ್ ಬಂದ ಮೇಲೆ ಅಂಗಡಿಗೆ ಗಿರಾಕಿ ಕಡಿಮೆ. ಮಿಷನ್ ಎತ್ತಿ ಮನೆಗೆ ಇಟ್ಟೆ. ಅಂಗಡಿಗೆ ಸುಣ್ಣ ಬಳಿಸಿದೆ, ನೆಲಕ್ಕೆ ಶಹಾಬಾದಿನಿಂದ ಹೊಸ ಫರ್ಸಿ ಕಲ್ಲು ತರಿಸಿ ಹಾಸಿದೆ, ರೋಗಿಗಳು ಕುಂದ್ರಲಿಕ್ಕೆ ಒಂದು ಉದ್ದನೆ ಫರ್ಸಿಯ ಕಟ್ಟೆ ಕಟ್ಟಿಸಿದೆ. ಪೇಂಟರನ್ನು ಕರೆದು ಬೋರ್ಡು ಬರೆಸಿದೆ: ಡಾಕ್ಟರ್ ಭಾಗ್ಯಶ್ರೀ ಶರಣಪ್ಪ, ಕೆಳಗೆ ದವಾಖಾನೆ. ಪಕ್ಕದ ಬಳೆ ಅಂಗಡಿಯ ಮಹಬೂಬ ಭಾಯಿ, ನನ್ನ ವಾರಿಗೆಯವನು, ಮೊದಲ ಸೂಜಿ ತನಗೇ ಹಾಕಬೇಕೆಂದು ಆಗಲೇ ಹೆಸರು ಬರೆಸಿದ. ಭಾಗ್ಯಳಿಗೆ ಮಾತ್ರ ಯಾರೂ ಹೇಳಲಿಲ್ಲ. ಬಂದಾಗ ನೋಡಿ ಖುಷಿಪಡಲಿ ಎಂದು ಗುಟ್ಟು. ಆ ಗುಟ್ಟಿನ ಹುರುಪಿನಲ್ಲೇ ಬಿಳಿ ಟೆರಿಕಾಟ್ ತಂದು ಕೋಟು ಕತ್ತರಿಸಿದೆ. ಕಣ್ಣಳತೆಯಲ್ಲಿ. ಅಳತೆಗೆ ಕರೆದರೆ ಗುಟ್ಟು ಒಡೆಯುತ್ತದಲ್ಲ!

ಅವಳು ಬಂದಳು. ಬೋರ್ಡು ನೋಡಿದಳು, ಕಟ್ಟೆ ನೋಡಿದಳು, ನನ್ನ ಮುಖ ನೋಡಿದಳು. ನಾನು ಕೋಟು ಬಿಚ್ಚಿ ಹಿಡಿದೆ. ತೋಳು ತೂರಿಸಿದಳು. ಭುಜದ ಹೊಲಿಗೆ ಭುಜ ದಾಟಿ ತೋಳಿನ ಮೇಲೆ ಜೋತುಬಿತ್ತು.

"ಮುತ್ಯಾ, ಇದು ಯಾರ ಅಳತೀಗಿ ಹೊಲ್ದಿ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಫರ್ಸಿಯ ಕಟ್ಟೆಯ ಮೇಲೆ ಕೂತಳು. "ಮುತ್ಯಾ, ನಂಗ ಹೈದರಾಬಾದ್‌ನಾಗ ಕೆಲಸ ಸಿಕ್ಕದ. ಗುಳಿಗಿ ಮಾಡೋ ಕಂಪನಿದಾಗ. ಡಾಕ್ಟರ್ ಕೆಲಸಾನೇ."

"ಕಂಪನಿದಾಗ ಪೇಶಂಟ್ ಬರ್ತಾರೇನು?"

"ಬರಲ್ಲ."

"ನಾಡಿ ಹಿಡೀತಿಯೇನು?"

"ಇಲ್ಲ ಮುತ್ಯಾ."

"ಸೂಜಿ?"

"ಅದೂ ಇಲ್ಲ. ಓದೋದು, ಬರಿಯೋದು, ಕೇಳೋದು. ಭಾಳ ದೊಡ್ಡ ಕೆಲಸ ಅದ ಅದು. ಹ್ಯಾಂಗ ಹೇಳ್ಲಿ ನಿನಗ..."

"ಹೇಳಬ್ಯಾಡ," ಎಂದೆ. ಕೋಟು ಅವಳ ಮೈಮೇಲಿಂದ ನಾನೇ ತೆಗೆದೆ. ಧೋತರದಲ್ಲಿ ಸುತ್ತಿ ಟ್ರಂಕಿಗೆ ಹಾಕಿದೆ. ಬೋರ್ಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಅಂಗಡಿಗೆ ಬೀಗ. ಅವಳು ಹೈದರಾಬಾದಿಗೆ ಹೋಗುವ ದಿನ ನಾನು ದಂಡೋತಿಯಲ್ಲಿ ಏನೋ ಕೆಲಸವಿದೆ ಎಂದು ಹೋಗಿ ಹೊಳೆ ನೋಡುತ್ತ ಕೂತಿದ್ದೆ. ಕೆಲಸ ಏನೂ ಇರಲಿಲ್ಲ. ಹೊಳೆಗೂ ಅಂಥ ಕೆಲಸವಿದ್ದಂತೆ ಕಾಣಲಿಲ್ಲ, ಮಳೆ ಬಂದಿರಲಿಲ್ಲ.

ಮಹಬೂಬ ಸುಮ್ಮನಿರುವ ಪೈಕಿ ಅಲ್ಲ. "ಏನ್ ಮಾಸ್ತರ್, ಮೊಮ್ಮಗಳು ಡಾಕ್ಟರಂತ, ಪೇಶಂಟೇ ಇಲ್ಲಂತ! ಬಳಿ ಇಲ್ದ ಬಳಿ ಅಂಗಡಿ ಆಯ್ತಲ್ರಿ ಇದು," ಎನ್ನುವನು. ನಾನು ತಿರುಗಿ ಬೈಯಬೇಕೆಂದರೆ ಒಳಗೆ ನನಗೂ ಹಾಗೇ ಅನಿಸುತ್ತಿತ್ತು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು, ನಿಮ್ಮ ಹತ್ತಿರ ಮುಚ್ಚಿಡುವುದೇನು. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಗುಳಿಗೆ ಮಾಡಿ, ಕಾಣದ ಊರಿನ ಕಾಣದ ಜನಕ್ಕೆ ಕಳಿಸುವುದು ನನ್ನ ಕಣ್ಣಿಗೆ ರೆಡಿಮೇಡ್ ಅಂಗಿಯ ಹಾಗೆ ಕಂಡಿತು. ಯಾರ ಭುಜ ಎಷ್ಟು, ಯಾರ ಹೊಟ್ಟೆ ಎಷ್ಟು ಎಂದು ಕೇಳದೆ ಹೊಲಿದು ಗೊಂಬೆಗೆ ತೊಡಿಸಿ ನಿಲ್ಲಿಸುತ್ತಾರಲ್ಲ, ಹಾಗೆ. ನನ್ನ ಅನ್ನ ಕಸಿದದ್ದು ಅದು. ಈಗ ನನ್ನ ಮೊಮ್ಮಗಳೂ ಅದೇ ಕಡೆಗೆ ಹೋದಳು ಎನಿಸಿತು. ಅವಳು ಫೋನ್ ಮಾಡಿದರೆ ನಿಂಗಮ್ಮ ಮಾತಾಡುತ್ತಿದ್ದಳು. ನಾನು ಬಚ್ಚಲಿಗೆ ಹೋಗುತ್ತಿದ್ದೆ. ಆ ಐದಾರು ತಿಂಗಳು ನಾನು ಮುಖ ತೊಳೆದಷ್ಟು ಯಾರೂ ತೊಳೆದಿರಲಾರರು.

ಈಗ ಜೇಬಿನ ಅರಿವೆಯ ಸುದ್ದಿಗೆ ಬರುತ್ತೇನೆ.

ನಿಂಗಮ್ಮನಿಗೆ ಸಕ್ಕರೆ ಕಾಯಿಲೆ, ಬಿಪಿ, ಎರಡೂ ಇವೆ. ಗುಳಿಗೆ ತಗೊಂಡೆನೋ ಇಲ್ಲವೋ ಅವಳಿಗೆ ನೆನಪಿರುತ್ತಿರಲಿಲ್ಲ. ಅದಕ್ಕೆ ನಾನೊಂದು ಉಪಾಯ ಹೊಲಿದೆ. ಒಂದು ದಪ್ಪ ಖಾದಿ ಬಟ್ಟೆ, ಅದರ ಮೇಲೆ ಸಾಲು ಸಾಲು ಜೇಬು. ಕೆಂಪು ಜೇಬು ಸಕ್ಕರೆ ಗುಳಿಗೆಗೆ, ನೀಲಿ ಜೇಬು ಬಿಪಿ ಗುಳಿಗೆಗೆ. ಸೋಮವಾರದಿಂದ ಭಾನುವಾರದ ತನಕ ಏಳು ಕೆಂಪು, ಏಳು ನೀಲಿ. ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದೆ. ಜೇಬಿನಲ್ಲಿ ಇಡೀ ಗುಳಿಗೆ ಪಟ್ಟಿ ಹಿಡಿಯುವುದಿಲ್ಲವಲ್ಲ, ಒಂದೊಂದೇ ಗುಳಿಗೆಯನ್ನು ಅದರ ಹೊದಿಕೆಯ ಸಮೇತ ಕತ್ತರಿಸುತ್ತಿದ್ದೆ. ನಾಲ್ಕೂ ಕಡೆ ಒಪ್ಪವಾಗಿ, ಮೂಲೆ ದುಂಡಗೆ ಮಾಡಿ, ಕಾಲರಿನ ತುದಿ ಕತ್ತರಿಸಿದ ಹಾಗೆ. ಓಣಿಯ ಜನ ಬಂದು ನೋಡಿ ತಮಗೂ ಹೊಲಿಸಿಕೊಂಡು ಹೋದರು. ಕೆಲವರು ಪಟ್ಟಿಯನ್ನೂ ನನ್ನ ಹತ್ತಿರವೇ ತಂದು "ಮಾಸ್ತರ್, ನಿಮ್ಮಂಗ ಛಂದ ಕತ್ತರಿಸೋದು ನಮಗ ಬರಲ್ರಿ" ಎಂದು ಕತ್ತರಿಸಿಕೊಳ್ಳುತ್ತಿದ್ದರು. ನಾನು ಉಬ್ಬಿಹೋಗಿದ್ದೆ. ದವಾಖಾನೆ ಆಗದಿದ್ದರೇನು, ಓಣಿಯ ಗುಳಿಗೆಗಳೆಲ್ಲ ನನ್ನ ಕೈ ಹಾಯ್ದು ಹೋಗುತ್ತಿದ್ದವು.

ಶ್ರಾವಣದ ಒಂದು ಸೋಮವಾರ. ಹಿಂದಿನ ದಿನ ಹೊಸ ಪಟ್ಟಿಗಳು ಬಂದಿದ್ದವು. ಮೊದಲು ಬಿಪಿಯದು ಹಸಿರು ಬೆನ್ನಿನ ಪಟ್ಟಿ, ಸಕ್ಕರೆಯದು ಬೆಳ್ಳಿ ಬೆನ್ನಿನದು. ಈ ಸಲ ಬಿಪಿಯದು ಬೇರೆ ಕಂಪನಿಯದು ಬಂತು, ಅದೂ ಬೆಳ್ಳಿ ಬೆನ್ನು, ಅದೂ ಸಣ್ಣ ಬಿಳಿ ಗುಳಿಗೆ. ನಾನು ಎರಡನ್ನೂ ಕತ್ತರಿಸಿ ಎರಡು ಗುಂಪು ಮಾಡಿ ಮೇಜಿನ ಮೇಲಿಟ್ಟಿದ್ದೆ. ಸೆಕೆ ಎಂದು ಫ್ಯಾನ್ ಹಾಕಿದೆ. ಒಂದೆರಡು ತುಣುಕು ಹಾರಿ ಆ ಕಡೆಯದು ಈ ಕಡೆ, ಈ ಕಡೆಯದು ನೆಲಕ್ಕೆ. ಹೆಕ್ಕಿ ಮತ್ತೆ ಗುಂಪಿಗೆ ಸೇರಿಸಿದೆ. ಬಿಳಿದು ಬಿಳಿದರ ಜೊತೆ ಎಂದುಕೊಂಡೆ. ಹೆಸರು ನೋಡೋಣವೆಂದರೆ ತುಣುಕಿನ ಮೇಲೆ ಹೆಸರೇ ಇಲ್ಲ. ಒಂದರ ಮೇಲೆ ಅರ್ಧ ಅಕ್ಷರ, ಇನ್ನೊಂದರ ಮೇಲೆ ಬರೀ ಬೆಳ್ಳಿ. ತಾರೀಕು ಇದ್ದ ತುದಿಯಂತೂ ನನ್ನ ಕತ್ತರಿಗೆ ಮೊದಲೇ ಬಲಿಯಾಗಿ ಕಸಬರಿಗೆಗೆ ಹೋಗಿತ್ತು.

ಸೋಮವಾರ ನಿಂಗಮ್ಮನ ಉಪವಾಸ. ಬೆಳಿಗ್ಗೆ ಒಂದು ಕೆಂಪು, ಒಂದು ನೀಲಿ ತಗೊಂಡು, ಒಂದು ಬಾಳೆಹಣ್ಣು ತಿಂದು ಪೂಜೆಗೆ ಕೂತಳು. ಮಗ ವಾಡಿಗೆ, ಸೊಸೆ ಅಂಗನವಾಡಿಗೆ ಹೋಗಿಯಾಗಿತ್ತು. ಹತ್ತು ಗಂಟೆಯ ಸುಮಾರಿಗೆ ಒಳಗಿಂದ ಕೂಗು: "ಅಣ್ಣಾ, ನನ್ನ ಹಸಿರು ಸೀರಿ ಎಲ್ಲಿಟ್ಟಿ?"

ನನಗೆ ಅಣ್ಣ ಎಂದಳಲ್ಲ! ಹೋಗಿ ನೋಡಿದರೆ ಮುಖದ ತುಂಬ ಬೆವರು, ಕೈ ನಡುಗುತ್ತಿವೆ, ಕಣ್ಣು ಎಲ್ಲೋ ನೋಡುತ್ತಿವೆ. ನನ್ನ ಹತ್ತಿರ ಗುಂಡಿ ಒತ್ತುವ ಸಣ್ಣ ಫೋನು. ಮಗನಿಗೆ ಹಚ್ಚಿದೆ, ಎತ್ತಲಿಲ್ಲ, ಕಾರ್ಖಾನೆಯೊಳಗೆ ಕೇಳಿಸುವುದಿಲ್ಲ. ಆಮೇಲೆ ನನ್ನ ಹೆಬ್ಬೆರಳು ತಾನಾಗಿಯೇ ಭಾಗ್ಯಳ ಹೆಸರಿಗೆ ಹೋಯಿತು. ಐದಾರು ತಿಂಗಳ ಮೇಲೆ.

"ಮುತ್ಯಾ?" ಎಂದಳು. ಆ ಒಂದು ಶಬ್ದದಲ್ಲಿ ಏನೇನು ಇತ್ತೋ, ಕೇಳಲು ಹೊತ್ತಿರಲಿಲ್ಲ. ಹೇಳಿದೆ.

"ಬೆವರ್ಲಿಕತ್ತಾಳೇನ್? ಮಾತಾಡ್ತಾಳೇನ್? ನೀರು ನುಂಗ್ಲಿಕ್ ಬರ್ತದೇನ್?"

"ಬರ್ತದ, ಈಗ ತೀರ್ಥ ತಗೊಂಡಾಳ."

"ಸಕ್ರಿ ನೀರು ಮಾಡಿ ಕುಡಿಸು. ಒಂದು ವಾಟಿದಾಗ ನಾಕು ಚಮಚಾ ಸಕ್ರಿ. ಈಗೇ."

ನಾನು ನಿಂತುಬಿಟ್ಟೆ. ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆ! ಚಹಾದಲ್ಲಿ ಒಂದು ಹರಳು ಬಿದ್ದರೂ ನಾನು ಜಗಳ ತೆಗೆಯುತ್ತಿದ್ದೆ. "ಅಕಿಗಿ ಸಕ್ರಿ ಬ್ಯಾನಿ ಅದ ಭಾಗ್ಯಾ, ನಿನಗ ಮರ್ತದೇನ್?"

"ಮುತ್ಯಾ, ನಾ ಮೊಮ್ಮಗಳಾಗಿ ಹೇಳ್ಲಿಕತ್ತಿಲ್ಲ. ಡಾಕ್ಟರಾಗಿ ಹೇಳ್ಲಿಕತ್ತೀನಿ. ಕುಡಿಸು."

ಆ ದನಿ ನಾನು ಹಿಂದೆ ಕೇಳಿರಲಿಲ್ಲ. ಚೂರು ಬಟ್ಟೆಯ ಮೇಲೆ ಮಲಗುತ್ತಿದ್ದ ಕೂಸಿನ ದನಿ ಅಲ್ಲ ಅದು. ಕುಡಿಸಿದೆ. ಅವಸರದಲ್ಲಿ ಅರ್ಧ ಅವಳ ಸೀರೆಯ ಮೇಲೆ ಚೆಲ್ಲಿತು, ಮತ್ತೊಂದು ವಾಟಿ ಮಾಡಿ ಕುಡಿಸಿದೆ. ಫೋನು ಕಿವಿ-ಭುಜದ ನಡುವೆ. ಭಾಗ್ಯ ಕೇಳಿದಳು: "ಬೆಳಿಗ್ಗೆ ಏನೇನ್ ಗುಳಿಗಿ ತಗೊಂಡಾಳ? ಪಟ್ಟಿ ಮ್ಯಾಲಿನ ಹೆಸರು ಓದು."

ಪಟ್ಟಿ ಎಲ್ಲಿದೆ? ಗುಳಿಗೆ ಒತ್ತಿ ತೆಗೆದ ಎರಡು ಖಾಲಿ ತುಣುಕು ದೇವರ ಜಗುಲಿಯ ಮೇಲೆ ಬಿದ್ದಿದ್ದವು. ಒಂದು ಕೆಂಪು ಜೇಬಿನದು, ಒಂದು ನೀಲಿ ಜೇಬಿನದು. ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡೆ. ನನಗೆ ಇಂಗ್ಲಿಷ್ ದೊಡ್ಡ ಅಕ್ಷರ ಬರುತ್ತವೆ, ಶಾಲೆಯಿಂದಲ್ಲ, ಕರವಸ್ತ್ರದ ಮೂಲೆಗೆ ಹೆಸರಿನ ಅಕ್ಷರ ಹೊಲಿದು ಹೊಲಿದು. ಆದರೆ ಅಕ್ಷರವೆಲ್ಲ ಅರ್ಧ ಕತ್ತರಿಸಿ ಹೋಗಿವೆ. ಆಗ ಕಣ್ಣಿಗೆ ಬಿತ್ತು ನೋಡಿ. ನನ್ನ ಕತ್ತರಿಯ ಅಲಗಿನಲ್ಲಿ ಒಂದು ಸಣ್ಣ ಕಚ್ಚು ಇದೆ, ಕತ್ತರಿಸಿದಲ್ಲೆಲ್ಲ ಎಳ್ಳಿನಷ್ಟು ಮೂತಿ ಬಿಡುತ್ತದೆ. ಕೆಂಪು ಜೇಬಿನ ತುಣುಕಿನ ಬಲ ಅಂಚಿನಲ್ಲಿ ಆ ಮೂತಿ, ನೀಲಿ ಜೇಬಿನ ತುಣುಕಿನ ಎಡ ಅಂಚಿನಲ್ಲಿ ಅದಕ್ಕೆ ತಕ್ಕ ತಗ್ಗು. ತೋಳನ್ನು ಭುಜಕ್ಕೆ ಕೂಡಿಸಿದ ಹಾಗೆ ಎರಡನ್ನೂ ಕೂಡಿಸಿದೆ. ಅಂಚಿಗೆ ಅಂಚು ಕೂತಿತು. ಅರ್ಧಕ್ಕೆ ಅರ್ಧ ಸೇರಿ ಅಕ್ಷರ ಎದ್ದು ನಿಂತವು.

"ಜಿ," ಎಂದೆ. "ಎಲ್. ಐ."

"ಸಾಕು ಮುತ್ಯಾ. ಎರಡೂ ಕೂಡಿ ಒಂದೇ ಹೆಸರಾಯ್ತೇನು?"

"ಒಂದೇ ಥಾನಿನಾಗ ಕತ್ತರಿಸಿದ ತುಂಡು ಅವ ಭಾಗ್ಯಾ. ನನ್ನ ಕತ್ರಿ ಗುರ್ತು ನನಗ ಗೊತ್ತಿಲ್ಲೇನು?"

"ಹಂಗಾದ್ರ ಆಯಿ ಎರಡು ಸಕ್ರಿ ಗುಳಿಗಿ ನುಂಗ್ಯಾಳ. ಬಿಪಿದು ನುಂಗೇ ಇಲ್ಲ. ಈಗ ಹುಷಾರ್ ಆದಂಗ ಕಂಡ್ರೂ ಈ ಗುಳಿಗಿ ಭಾಳ ಹೊತ್ತು ಮೈಯಾಗ ಇರ್ತದ, ಮೈಯಾಗಿನ ಸಕ್ರಿ ಮತ್ತ ಇಳೀತದ. ಸರಕಾರಿ ದವಾಖಾನಿಗಿ ಕರ್ಕೊಂಡು ಹೋಗು. ಆ ತುಣುಕು ಒಯ್ಯಿ. ಅಲ್ಲಿ ಡಾಕ್ಟರ್ ಕೈಯಾಗ ಫೋನ್ ಕೊಡು."

ಮಹಬೂಬ ಬಳೆ ಅಂಗಡಿಯನ್ನು ತೆರೆದದ್ದು ತೆರೆದ ಹಾಗೇ ಬಿಟ್ಟು ಆಟೋ ಕರೆತಂದ. ದವಾಖಾನೆಯ ಡಾಕ್ಟರು ಭಾಗ್ಯಳ ಜೊತೆ ಫೋನಿನಲ್ಲಿ ಮಾತಾಡಿದರು. ಇವರು 'ಹೌದು ಮೇಡಂ, ಸರಿ ಮೇಡಂ' ಎನ್ನುತ್ತಿದ್ದರು. ಮಹಬೂಬ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ನಿಂಗಮ್ಮನ ಕೈಗೆ ಸಲೈನ್ ಹಾಕಿ ಮರುದಿನದ ತನಕ ಇಟ್ಟುಕೊಂಡರು. ಸಂಜೆ ಹೊತ್ತಿಗೆ ಪೂರಾ ನೆಟ್ಟಗಾಗಿ, "ನನ್ನ ಉಪವಾಸ ಕೆಡಿಸಿದ್ರಿ," ಎಂದು ನನ್ನನ್ನು ಬೈದಳು. ಅಣ್ಣಾ ಎಂದಿದ್ದನ್ನು ನೆನಪಿಸಿದೆ. "ಹಾಂಗ್ಯಾಕ ಅಂತೀನಿ, ನಮ್ಮಣ್ಣ ನಿಮ್ಮಷ್ಟು ಪೆದ್ದ ಅಲ್ಲ," ಎಂದಳು. ಹೆಂಡತಿ ಬದುಕಿದ್ದಾಳೆ ಎಂದು ಅಷ್ಟು ಖಾತ್ರಿಯಾಗಿ ಇನ್ಯಾವ ಮಾತಿನಿಂದ ತಿಳಿಯಬೇಕು!

ಮರುದಿನ ಭಾಗ್ಯ ಬಂದಳು. ನಾನು ಬೈಗುಳ ತಿನ್ನಲು ತಯಾರಾಗಿ ಕೂತಿದ್ದೆ. ಅವಳು ಬೈಯಲಿಲ್ಲ. ಜೇಬಿನ ಅರಿವೆಯನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲೆ ಹರವಿಕೊಂಡು ಹೊಲಿಗೆ ಸವರಿದಳು. ನನ್ನ ಕೈಗೆ ಕತ್ತರಿ, ಒಂದು ಖಾಲಿ ಪಟ್ಟಿ ಕೊಟ್ಟಳು.

"ಹ್ಯಾಂಗ ಕತ್ತರಿಸ್ತಿ, ತೋರ್ಸು ಮುತ್ಯಾ."

ತೋರಿಸಿದೆ. ಕಳ್ಳನಿಗೆ ಕನ್ನ ಕೊರೆದದ್ದು ಹೇಗೆ ತೋರಿಸು ಎಂದರೆ ಹೇಗಿರುತ್ತದೋ ಹಾಗಿತ್ತು ನನ್ನ ಪಾಡು.

"ಇನ್ನೊಮ್ಮೆ. ಯಾವ ತುದೀಲಿಂದ ಶುರು ಮಾಡ್ತಿ? ಮೂಲಿ ಯಾಕ ದುಂಡಗ ಮಾಡ್ತಿ? ಚುಚ್ತದಂತೇನು? ಓಣ್ಯಾಗ ಮತ್ತ ಯಾರ್ಯಾರು ಹಿಂಗ ಕತ್ತರಿಸ್ತಾರ?"

ಎಲ್ಲ ಬರೆದುಕೊಳ್ಳುತ್ತಿದ್ದಳು. ನನಗೆ ತಡೆಯಲಿಲ್ಲ. "ಏನ್ ಬರೀಲಿಕತ್ತಿ? ನನ್ನ ಗುನ್ಹೆ ಏನು?"

ಆಗ ಹೇಳಿದಳು. ನಾನು ಹೇಳಬೇಡ ಎಂದಿದ್ದ ಮಾತು, ಅಷ್ಟು ತಿಂಗಳ ಮೇಲೆ. "ನನ್ನ ಕೆಲಸಾನೇ ಇದು ಮುತ್ಯಾ. ಗುಳಿಗಿ ತಗೊಂಡವ್ರಿಗಿ ಎಲ್ಯಾರ ಏನಾರ ಆದ್ರ, ಮೈ ಮ್ಯಾಲ ಗುಳ್ಳಿ ಎದ್ರ, ತಲಿ ತಿರಗಿದ್ರ, ಹಿಂಗ ಅದಲು ಬದಲು ಆದ್ರ, ಆ ಸುದ್ದಿ ನನ್ನ ಟೇಬಲ್ ಮ್ಯಾಲ ಬರ್ತದ. ಗುಳಿಗೀದು ತಪ್ಪೋ, ಪಟ್ಟೀದು ತಪ್ಪೋ, ಬರದದ್ದು ತಿಳೀಲಿಲ್ಲೋ, ಹುಡುಕೋದು. ಹುಡುಕಿ ತಿದ್ದಸೋದು. ಮಂದೀದು ತಪ್ಪು ಅಂತ ಬರದ್ರ ನನ್ನ ಕೆಲಸ ಮುಗಿಯಲ್ಲ."

ನಾನು ಕತ್ತರಿ ಕೆಳಗಿಟ್ಟೆ. ನಾನು ಹೊಲಿದ ಅಂಗಿ ಕಂಕುಳಲ್ಲಿ ಹಿಡಿಯುತ್ತದೆ ಎಂದು ಯಾರಾದರೂ ತಿರುಗಿ ತಂದರೆ, ನಾನು ಅವರ ತೋಳನ್ನು ಬೈದವನಲ್ಲ. ಹೊಲಿಗೆ ಬಿಚ್ಚಿ ನೋಡುತ್ತಿದ್ದೆ. ರೆಡಿಮೇಡ್ ಅಂಗಿಯ ಮೇಲೆ ನನಗಿದ್ದ ಸಿಟ್ಟೆಲ್ಲ ಅದೇ ತಾನೆ, ಹಿಡಿದರೆ ಯಾರಿಗೆ ಹೇಳಬೇಕು? ಹೇಳಿದರೆ ಕೇಳುವ ಮನುಷ್ಯ ಎಲ್ಲಿ ಕೂತಿರುತ್ತಾನೆ? ಗುಳಿಗೆಯ ಕಾರ್ಖಾನೆಯಲ್ಲಿ ಅಂಥ ಒಂದು ಕುರ್ಚಿ ಇದೆ. ಆ ಕುರ್ಚಿಯಲ್ಲಿ ನನ್ನ ಮೊಮ್ಮಗಳು ಕೂತಿದ್ದಾಳೆ. ನಾನು ಐದಾರು ತಿಂಗಳು ಮುಖ ತೊಳೆಯುತ್ತಿದ್ದೆ.

"ಆಯಿ ಸುದ್ದೀನೂ ಆ ಗುಳಿಗಿ ಕಂಪನಿಗಿ ಬರ್ದು ಕಳಸ್ತೀನಿ," ಎಂದಳು. "ಹೆಸರು ಇರಲ್ಲ. ಹೆಂಗಸು, ವಯಸ್ಸು ಇಷ್ಟು, ಹಿಂಗಿಂಗಾಯ್ತು ಅಂತ."

ಹಾಸಿಗೆಯ ಮೇಲಿಂದ ನಿಂಗಮ್ಮ ಎದ್ದು ಕೂತಳು. "ಹೆಸರು ಯಾಕಿರಲ್ಲ? ನುಂಗಿದಾಕಿ ನಾನು! ನಿಂಗಮ್ಮ ಅಂತ ಬರಿ."

ಭಾಗ್ಯ ಎರಡು ದಿನ ರಜೆ ಹಾಕಿದ್ದಳು. ಓಣಿಯವರು ಯಾರ್ಯಾರು ಗುಳಿಗೆ ಹೇಗೆ ಇಟ್ಟುಕೊಳ್ಳುತ್ತಾರೆ ನೋಡಬೇಕು ಎಂದಳು. ಎಲ್ಲಿ ಕೂರುವುದು? ನಾನು ಹೋಗಿ ಅಂಗಡಿಯ ಬೀಗ ತೆಗೆದೆ. ಫರ್ಸಿಯ ಕಟ್ಟೆಯ ಧೂಳು ಹೊಡೆದೆ. ಮಂದಿ ಬಂದರು ನೋಡಿ! ಶೇಂಗಾ ಡಬ್ಬಿಯಲ್ಲಿ ಗುಳಿಗೆ ಇಟ್ಟವರು, ಸೆರಗಿನ ಗಂಟಿನಲ್ಲಿ ಇಟ್ಟವರು, ಗಂಡನದು ಹೆಂಡತಿಯದು ಒಂದೇ ಚೀಲದಲ್ಲಿ ಕಲಸಿದವರು. ಚಿಂಚೋಳಿಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಮುದುಕಿ ಜ್ವರಕ್ಕೆಂದು ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ಗುಳಿಗೆಯನ್ನು ಬೆಲ್ಲದ ಅಚ್ಚಿನ ಜೊತೆ ಕಟ್ಟಿಕೊಂಡಿದ್ದಳು. ಭಾಗ್ಯ ಒಬ್ಬರಿಗೂ ಗುಳಿಗೆ ಕೊಡಲಿಲ್ಲ, ಸೂಜಿ ಹಾಕಲಿಲ್ಲ. ಕೇಳಿದಳು, ನೋಡಿದಳು, ಬರೆದಳು. ಹೆಸರಿಲ್ಲದ ತುಣುಕುಗಳನ್ನು ಬೇರೆ ತೆಗೆಸಿ, ನಿಮ್ಮ ಡಾಕ್ಟರಿಗೆ ತೋರಿಸಿ ಹೊಸದು ಬರೆಸಿಕೊಳ್ಳಿ ಎಂದಳು. ಕಟ್ಟೆಯ ತುಂಬ ಜನ. ನಾನು ಬಯಸಿದ ದವಾಖಾನೆ ಎರಡು ದಿನ ನಡೆಯಿತು, ನಾನು ಬಯಸದ ರೀತಿಯಲ್ಲಿ.

ಮಹಬೂಬ ಕಟ್ಟೆಯ ತುದಿಯಲ್ಲಿ ಕೂತು ತೋಳು ಮಡಚಿಕೊಂಡಿದ್ದ. "ಡಾಕ್ಟರಮ್ಮ, ನಂದು ಮೊದಲ ಸೂಜಿ ಬಾಕಿ ಅದ."

"ನಿಮಗೇನಾಗ್ಯದ ಭಾಯಿ?"

"ಏನೂ ಆಗಿಲ್ಲ. ಹೆಸರು ಬರ್ಸೀನಲ್ಲ, ಅದಕ್ಕ."

ಹೋಗುವಾಗ ಜೇಬಿನ ಅರಿವೆಯನ್ನು ಬೇಡಿ ಒಯ್ದಳು. ನನ್ನ ತಪ್ಪಿನ ಸಾಕ್ಷಿ ಅಲ್ಲಿನ ಸಾಹೇಬರ ಮುಂದೆ ಬಿಚ್ಚಬೇಡ ಮಾರಾಯ್ತಿ ಎಂದೆ. ಬಿಚ್ಚಿದಳಂತೆ. ಮೀಟಿಂಗಿನಲ್ಲಿ ಮೇಜಿನ ಮೇಲೆ ಹರವಿ, ಕೆಂಪು ಜೇಬು, ನೀಲಿ ಜೇಬು ತೋರಿಸಿ, ಪಟ್ಟಿ ಕತ್ತರಿಸಿ ಹೆಸರು ಹೇಗೆ ಮಾಯವಾಗುತ್ತದೆಂದು ಮಾಡಿ ತೋರಿಸಿದಳಂತೆ. ಒಬ್ಬ ದೊಡ್ಡ ಸಾಹೇಬ ಜೇಬಿನ ಹೊಲಿಗೆ ನೋಡಿ ಇದನ್ನು ಹೊಲಿದವರು ಯಾರು ಎಂದು ಕೇಳಿದನಂತೆ. ಈ 'ಅಂತೆ'ಯನ್ನು ನಾನು ಅವಳ ಬಾಯಿಂದ ನಾಲ್ಕು ಸಲ ಹೇಳಿಸಿದ್ದೇನೆ.

ಅದಾಗಿ ವರ್ಷದ ಮೇಲಾಯಿತು. ಹೋದ ವಾರ ಫೋನ್ ಬಂತು. "ಮುತ್ಯಾ, ಹೊಸ ಪಟ್ಟಿ ಬಂತು. ಒಂದೊಂದು ಗುಳಿಗಿ ಬೆನ್ನಿಗೂ ಹೆಸರದ, ತಾರೀಕದ. ನನ್ನೊಬ್ಬಾಕಿದಲ್ಲ ಮತ್ತ, ಭಾಳ ಮಂದಿ ಕೂಡಿ ಮಾಡೀವಿ. ಬ್ಯಾರೆ ಕಂಪನಿಯವ್ರು ನಮಗಿಂತ ಮೊದ್ಲೇ ಮಾಡ್ಯಾರ." ಈ ಕೊನೆಯ ಎರಡು ಮಾತುಗಳು ಫೋನಿನಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡು, ಎಲ್ಲ ನನ್ನ ಮೊಮ್ಮಗಳೇ ಮಾಡಿದ್ದು ಎಂದು ನಾನು ಬಜಾರಕ್ಕೆಲ್ಲ ಹೇಳಿಯಾಗಿದೆ. ಬಸ್‌ಸ್ಟ್ಯಾಂಡಿನ ಕಂಡಕ್ಟರನಿಗೂ ಹೇಳಿದೆ. ಅವನು ಸೇಡಮ್ಮಿಗೆ ಹೋಗುವ ಬಸ್ಸಿನವನು, ಅಲ್ಲಿಯ ತನಕ ಸುದ್ದಿ ಮುಟ್ಟಿರುತ್ತದೆ. ನೀವು ಅವಳ ಮುಂದೆ ಬಾಯಿ ಬಿಡಬೇಡಿ.

ಇಷ್ಟು ಹೇಳುವುದರೊಳಗೆ "ಸೇಡಂ ದಾಟ್ತು" ಎಂದು ಫೋನ್ ಬಂತು. ಮಳಖೇಡ ಆಯಿತು. ಭಾಗ್ಯಳನ್ನು ಕರೆತರಲು ಸ್ಟೇಷನ್ನಿಗೆ ಶರಣಪ್ಪ ಹೋಗಿದ್ದ. ಬಂದಳು. ಚೀಲ ಇಳಿಸುವ ಮೊದಲೇ ನಾನು ಕೈ ಚಾಚಿದೆ. ನಕ್ಕು ಪಟ್ಟಿ ಕೊಟ್ಟಳು.

ನಾನು ಕಚ್ಚು ಬಿದ್ದ ಅದೇ ಕತ್ತರಿ ತಂದೆ. ನಿಂಗಮ್ಮ ಬಾಗಿಲಿಗೆ ಬಂದು ನಿಂತಳು. ಮಹಬೂಬ ಕರೆಯದೆಯೇ ಬಂದಿದ್ದ. ತುದಿಯಿಂದ ಕತ್ತರಿಸಿದೆ, ಹೆಸರು ಇತ್ತು. ನಡುವಿನಿಂದ ಕತ್ತರಿಸಿದೆ, ಇತ್ತು. ಹಠಕ್ಕೆ ಬಿದ್ದು ಮೂಲೆ ದುಂಡಗೆ ಮಾಡಿದೆ, ಕಾಲರ್ ತುದಿಯ ಹಾಗೆ ಒಪ್ಪವಾಗಿ. ಹೆಸರು ಅಲ್ಲೇ ಕೂತಿತ್ತು, ತಾರೀಕು ಅಲ್ಲೇ ಇತ್ತು. ಹತ್ತೂ ತುಣುಕು ಮೇಜಿನ ಮೇಲೆ ಚೆಲ್ಲಿ ಫ್ಯಾನ್ ಹಾಕಿದೆ. ಹಾರಿ ಎಲ್ಲೆಲ್ಲೋ ಬಿದ್ದವು. ಮಹಬೂಬ ಮಂಚದ ಕೆಳಗೆ ತೂರಿ ಒಂದನ್ನು ಹೆಕ್ಕಿ, ಬೆಳಕಿಗೆ ಹಿಡಿದು, "ಇದರ ಮ್ಯಾಲೂ ಅದ ಮಾಸ್ತರ್!" ಎಂದು ಕೂಗಿದ, ತಾನೇ ಅಚ್ಚು ಹಾಕಿದವನ ಹಾಗೆ.

"ಇದು ನಿಮ್ಮಾಯಿ ತಗೊಳ್ಳೋ ಗುಳಿಗೀನೇನು?" ಎಂದು ಕೇಳಿದೆ.

"ಅಲ್ಲ ಮುತ್ಯಾ. ಅದು ನಮ್ಮ ಕಂಪನೀದಲ್ಲ. ಆಯಿದು ಇನ್ನೂ ಹಂಗೇ ಅದ, ಪಟ್ಟಿ ಕತ್ತರಿಸಬ್ಯಾಡ. ಇದು ಬ್ಯಾರೆಯವ್ರ ಆಯಿ ತಗೋತಾಳ."

ಬೇರೆಯವರ ಆಯಿ. ಎಲ್ಲಿಯವಳೋ, ಯಾವ ಊರಿನ ಯಾವ ಗೋಡೆಯ ಕೆಳಗೆ ಕೂತಿರುವಳೋ. ಅವಳ ಮನೆಯಲ್ಲೂ ನನ್ನಂಥ ಒಬ್ಬ ಜಾಣ ಕತ್ತರಿ ಹಿಡಿದು ಕೂತಿರುತ್ತಾನೆ. ನಮ್ಮಪ್ಪ ಹರಗೋಲಿನಲ್ಲಿ ದಾಟಿಸಿದವರ ಹೆಸರು ಕೇಳುತ್ತಿರಲಿಲ್ಲ. ಆಚೆ ದಂಡೆ ಮುಟ್ಟಿದರೆ ಸರಿ, ತಿರುಗಿ ಬರುತ್ತಿದ್ದ. ಅದು ನನಗೆ ಇಷ್ಟು ವರ್ಷ ಯಾಕೆ ನೆನಪಾಗಲಿಲ್ಲವೋ.

ಬೆಳಿಗ್ಗೆ ಟ್ರಂಕಿನಿಂದ ತೆಗೆದು ಅಂಗಳದ ಬಿಸಿಲಿಗೆ ಹಾಕಿದ್ದ ಕೋಟನ್ನು ಭಾಗ್ಯ ನೋಡಿದಳು. "ಅಯ್ಯೋ, ಇನ್ನೂ ಇಟ್ಟೀಯೇನು ಮುತ್ಯಾ? ತಾ, ಹಾಕೋತೀನಿ."

"ಬ್ಯಾಡ," ಎಂದೆ. ಅಂಗಳದಲ್ಲೇ ಕೂತು ಕಚ್ಚಾ ಹೊಲಿಗೆಯ ದಾರದ ತುದಿ ಹುಡುಕಿ ಎಳೆದೆ. ಒಂದೇ ಎಳೆತಕ್ಕೆ ತೋಳು ಬಂತು, ಬೆನ್ನು ಬಂತು, ಜೇಬು ಬಂತು. ಬಟ್ಟೆ ಕೆಟ್ಟಿಲ್ಲ, ಡಾಂಬರ್ ಗುಳಿಗೆ ಕೆಲಸ ಮಾಡಿದೆ. ಒಳಗೆ ಹೋಗಿ ಟೇಪು, ಅಳತೆಯ ಪುಸ್ತಕ, ಕಿವಿಗೆ ಸಿಕ್ಕಿಸುವ ಪೆನ್ಸಿಲ್ಲು ತಂದೆ.

"ನೆಟ್ಟಗ ನಿಲ್ಲು. ಈಗ ಹೇಳು, ನಿನಗ ಏನ್ ಹೊಲಿಲಿ?"

ಯಾರೂ ಕೇಳದ ಪ್ರಶ್ನೆ ಕೇಳಿದ ಹಾಗೆ ನನ್ನ ಮುಖ ನೋಡಿದಳು. ಆಮೇಲೆ, "ಆಫೀಸಿಗಿ ಒಂದು ಸಣ್ಣ ಜಾಕೀಟು ಮುತ್ಯಾ. ತೋಳಿಲ್ದದ್ದು. ಒಳಗ ಒಂದು ಕೆಂಪು ಜೇಬು, ಒಂದು ನೀಲಿ ಜೇಬು ಇರ್ಲಿ," ಎಂದಳು.

ಭುಜದಿಂದ ಭುಜಕ್ಕೆ ಟೇಪು ಹಿಡಿದೆ. ಹದಿನಾಲ್ಕು ಇಂಚು. ಬಿಚ್ಚಿದ ಬೆನ್ನಿನ ತುಂಡನ್ನು ಅಳೆದು ನೋಡಿದೆ, ನಾನು ಕತ್ತರಿಸಿದ್ದು ಹದಿನೇಳು. ಪೆನ್ಸಿಲ್ಲನ್ನು ನಾಲಿಗೆಗೆ ಹಚ್ಚಿ, ಪುಸ್ತಕದ ಹೊಸ ಹಾಳೆಯ ಮೇಲೆ ಅವಳ ಹೆಸರು ಬರೆದು, ಕೆಳಗೆ ಹದಿನಾಲ್ಕು ಎಂದು ಬರೆದೆ.